ಹಿಂಗಾಲಿಲ್ಲದ ಕುರ್ಚಿಗೆ ಬೆತ್ತದ ಉಸಿರು

ಫೋನು ಬಂದಾಗ ನಾನು ಬೆಳಗಿನ ಜಪ ಮುಗಿಸಿ ಏಳುತ್ತಿದ್ದೆ. ಆ ಕಡೆಯಿಂದ ಗುಲಾಬಿಬಾಯಿಯ ದನಿ. ಅಳು ಇರಲಿಲ್ಲ.

"ಮಾಷ್ಟ್ರೇ, ಸ್ವಲ್ಪ ಈ ಕಡೆ ಬರ್ತೀರಾ? ಇವರು ಗ್ಯಾರೇಜಿನ ಬಾಗಿಲಲ್ಲಿ ಕೂತಿದ್ದಾರೆ. ಎಷ್ಟು ಕರೆದರೂ ಏಳುವುದಿಲ್ಲ."

ಅಮೆರಿಕದ ಈ ಕ್ಯಾಂಪ್‌ಬೆಲ್ಲಿನಲ್ಲಿ ನನ್ನ ಮಗಳ ಮನೆಗೂ ಅವರ ಮನೆಗೂ ನಡುವೆ ಒಂದೇ ಬೀದಿ. ನಾನು ಹೋಗುವ ಹೊತ್ತಿಗೆ ಆಂಬುಲೆನ್ಸಿನವರು ಬಂದು, ನೋಡಿ, ತಲೆಯಲ್ಲಾಡಿಸಿ ಆಗಿತ್ತು. ಗುಲಾಬಿಬಾಯಿಯ ಗಂಡ ರಾಮನಾಥ ಪೈ ಗೋಡೆಗೆ ಒರಗಿ ಕುಳಿತಿದ್ದರು. ಮಡಿಲಲ್ಲಿ ಉಕ್ಕು ಉಜ್ಜುವ ಬಟ್ಟೆ ಇತ್ತು. ಎದುರಿಗೆ ಒಂದು ಕುರ್ಚಿಯ ಉಕ್ಕಿನ ಚೌಕಟ್ಟು ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಗುಲಾಬಿಬಾಯಿ ನನ್ನ ಮುಖ ನೋಡಿ ಹೇಳಿದರು: "ಕೆಲಸದ ಹೊತ್ತಿನಲ್ಲಿ ಇವರು ಕೂತದ್ದನ್ನು ನಾನು ನೋಡಿಯೇ ಇಲ್ಲ ಮಾಷ್ಟ್ರೇ. ಕೂತದ್ದು ಕಂಡ ಕೂಡಲೇ ನನಗೆ ಹೆದರಿಕೆಯಾಯಿತು."

ಅದು ೧೯೮೭ರ ನವರಾತ್ರಿ ಮುಗಿದ ವಾರ. ಈಗ ಈ ಬೀದಿಯ ಪ್ಲಮ್ ಮರಗಳು ಹೂ ಬಿಟ್ಟಿವೆ. ಹೋದವರ ಬಗ್ಗೆ ಬರೆಯಬೇಕೆಂದು ಕುಳಿತವನು ನಾನು. ಆದರೆ ಅವರ ಬಗ್ಗೆ ಬರೆಯಹೊರಟರೆ, ಉಳಿದು ಕೆಲಸ ಮಾಡುತ್ತಿರುವವರ ಬಗ್ಗೆ ಬರೆಯದೆ ದಾರಿಯಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಗುಲಾಬಿಬಾಯಿ ಗ್ಯಾರೇಜಿನ ಬಾಗಿಲು ಮೇಲೆತ್ತುತ್ತಾರೆ. ಮೂಲೆಯಲ್ಲಿ ಮಂಗಳೂರು ಶ್ರೀನಿವಾಸನ ಪಟ, ಅದರ ಮುಂದೆ ಒಂದು ಹಣತೆ. ಕೈಮುಗಿದು, ದೊಡ್ಡ ಪ್ಲಾಸ್ಟಿಕ್ಕಿನ ತೊಟ್ಟಿಗೆ ಬೆಚ್ಚಗಿನ ನೀರು ಹುಯ್ದು, ಬೆತ್ತದ ಸುರುಳಿಯನ್ನು ಅದರಲ್ಲಿ ಮುಳುಗಿಸುತ್ತಾರೆ. ಬೆತ್ತ ಮೆತ್ತಗಾಗುವವರೆಗೆ ಕಾಫಿ. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೀರೆಯ ಮೇಲೊಂದು ದಪ್ಪ ಸ್ವೆಟರು ತೊಟ್ಟು, ಮರದ ಚೌಕಟ್ಟಿನ ಮುಂದೆ ಮಣೆ ಹಾಕಿ ಕೂರುತ್ತಾರೆ. ಚೌಕಟ್ಟಿನ ಸುತ್ತ ಸಣ್ಣ ತೂತುಗಳಿವೆ. ಒಂದು ತೂತಿನಿಂದ ಎದುರಿನ ತೂತಿಗೆ ಬೆತ್ತದ ಎಳೆ ಹೋಗುತ್ತದೆ, ತಿರುಗಿ ಬರುತ್ತದೆ. ಮೊದಲು ಉದ್ದ, ಆಮೇಲೆ ಅಡ್ಡ, ಕೊನೆಗೆ ಮೂಲೆಯಿಂದ ಮೂಲೆಗೆ. ನಡುನಡುವೆ ಎಂಟು ಮೂಲೆಯ ಪುಟ್ಟ ಕಿಂಡಿಗಳು ಮೂಡುತ್ತವೆ. ಗುಲಾಬಿಬಾಯಿ ಅವಕ್ಕೆ ಕಣ್ಣು ಎನ್ನುತ್ತಾರೆ.

ಎಳೆ ಜಾರದ ಹಾಗೆ ತೂತಿಗೆ ಸಣ್ಣ ಮರದ ಗೂಟ ಸಿಕ್ಕಿಸಬೇಕು. ಅವರು ಸಿಕ್ಕಿಸುವುದು ಗಾಲ್ಫ್ ಆಡುವವರು ಚೆಂಡನ್ನು ಕೂರಿಸಲು ನೆಲಕ್ಕೆ ಚುಚ್ಚುವ ಗೂಟವನ್ನು. "ನಮ್ಮ ಭಾವ ತಂದುಕೊಡುವುದು" ಎಂದು ನಗುತ್ತಾರೆ. ಭಾವ ಎಂದರೆ ರಾಮನಾಥರ ಅಣ್ಣ, ವಾಲ್ನಟ್ ಕ್ರೀಕಿನ ಡಾಕ್ಟರು ವೈಕುಂಠ ಪೈ. "ಅವರು ಹೊಡೆದ ಚೆಂಡು ಎಲ್ಲಿಗೆ ಹೋಗ್ತದೋ ದೇವರಿಗೇ ಗೊತ್ತು. ಗೂಟ ಮಾತ್ರ ಸರಿಯಾಗಿ ಇಲ್ಲಿಗೆ ಬರ್ತದೆ."

ಈ ಕೆಲಸ ಅವರಿಗೆ ಬಂದದ್ದು ತಂದೆಯಿಂದ. ಮಂಗಳೂರಿನಲ್ಲಿ ಅವರ ತಂದೆ ಕಚೇರಿಗಳ ಬೆತ್ತದ ಕುರ್ಚಿ ಹೆಣೆಯುತ್ತಿದ್ದರು. ಅವರಿಗೆ ದೃಷ್ಟಿ ಇರಲಿಲ್ಲ. ಎಳೆಯನ್ನು ಬೆರಳಿನಿಂದಲೇ ಓದುತ್ತಿದ್ದ ಆ ಮನುಷ್ಯ ಮಗಳಿಗೂ ಹಾಗೆಯೇ ಕಲಿಸಿದರು. "ಅಪ್ಪ ನನ್ನ ಕಣ್ಣಿಗೆ ಪಂಚೆ ಕಟ್ಟಿ ಕೂರಿಸುತ್ತಿದ್ದರು. ಕಣ್ಣು ಮುಚ್ಚಿಕೊಂಡು ಕಣ್ಣು ಬಿಡಿಸು ಹೇಳಿ ತಮಾಷೆ ಮಾಡುವುದು. ಎಳೆಯನ್ನು ಎಷ್ಟು ಬಿಗಿ ಮಾಡಬೇಕು, ಎಷ್ಟು ಸಡಿಲ ಬಿಡಬೇಕು ಎನ್ನುವುದಕ್ಕೆ ಅವರ ಹತ್ತಿರ ಅಳತೆ ಇರಲಿಲ್ಲ. ಅರ್ಧ ಉಸಿರು ಬಿಡು ಮಗಾ ಎನ್ನುತ್ತಿದ್ದರು, ಅಷ್ಟೇ."

ಆ ಅರ್ಧ ಉಸಿರು ಅಮೆರಿಕದಲ್ಲಿ ಕೈಕೊಟ್ಟಿತು. ಗಂಡಹೆಂಡತಿ ಇಲ್ಲಿಗೆ ಬಂದ ಮೊದಲ ಬೇಸಗೆಯಲ್ಲಿ ಗುಲಾಬಿಬಾಯಿ ಹೆಣೆದ ಮೊದಲ ಕುರ್ಚಿ, ಯಾರೂ ಕೂರುವ ಮೊದಲೇ, ಗ್ಯಾರೇಜಿನಲ್ಲಿ ನಿಂತಲ್ಲಿಯೇ ಪಟಪಟನೆ ಸಿಡಿಯಿತು. "ನಾವಿಬ್ಬರೂ ಅಡಿಗೆಮನೆಯಲ್ಲಿ ಇದ್ದೆವು. ಇವರು, ಯಾರೋ ಪಟಾಕಿ ಹೊಡಿತಿದ್ದಾರೆ, ಇಲ್ಲಿಯೂ ದೀಪಾವಳಿ ಉಂಟೋ ಏನೋ ಅಂದರು. ಹೋಗಿ ನೋಡಿದರೆ ನನ್ನ ಬೆತ್ತ!" ಕರಾವಳಿಯಲ್ಲಿ ಹುಟ್ಟಿ ಬೆಳೆದ ಕೈ ಮಾತ್ರ ಮಾಡಬಹುದಾದ ತಪ್ಪು ಅದು. "ಊರಿನಲ್ಲಿ ಗಾಳಿಯಲ್ಲಿಯೇ ನೀರು ಉಂಟು ಮಾರಾಯ್ರೆ. ಬೆತ್ತ ಒಣಗಿತು ಅಂದರೂ ಪೂರ್ತಿ ಒಣಗುವುದಿಲ್ಲ. ಮಳೆ ಬಂದರೆ ಸಡಿಲ ಆಗ್ತದೆ ಹೇಳಿ ಬಿಗಿಯಾಗಿ ಎಳೆಯುವುದೇ ಅಭ್ಯಾಸ. ಇಲ್ಲಿ ಬೇಸಗೆಯಲ್ಲಿ ಆಕಾಶವೇ ಬೆತ್ತವನ್ನು ಎಳಿತದೆ. ನಾನೂ ಎಳೆದರೆ ಅದು ಎಲ್ಲಿಗೆ ಹೋಗಬೇಕು?" ಅಂದಿನಿಂದ ಅರ್ಧ ಉಸಿರು ಹೋಗಿ ಇಡೀ ಉಸಿರಾಯಿತು. ಎಳೆಯನ್ನು ತೂತಿಗೆ ತೂರಿಸಿ, ಒಮ್ಮೆ ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ಕೈ ಸಡಿಲವಾದ ಮೇಲೆ ಗೂಟ ಒತ್ತುತ್ತಾರೆ. ಪಕ್ಕದಲ್ಲಿ ಕುಳಿತವರಿಗೆ ಆ ಉಸಿರು ಕೇಳಿಸುತ್ತದೆ.

ಅವರ ಕೈಗೆ ಬರುವ ಕುರ್ಚಿಗಳು ನಮ್ಮೂರ ಕಚೇರಿಯ ಕುರ್ಚಿಗಳಂಥವಲ್ಲ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಕಡೆ ಒಂದು ಹೊಸ ಯೋಚನೆ ಹುಟ್ಟಿತಂತೆ. ಮನೆಯೆಂದರೆ ಕೆತ್ತನೆಯ ಕಂಬ, ಜಾಲರಿಯ ಪರದೆ, ಧೂಳು ಕೂರುವ ಹೂಬಳ್ಳಿಯ ಕಪಾಟು ಏಕೆ? ಗಾಳಿ ಬೆಳಕು ಬರಲಿ, ಸಾಮಾನು ಹಗುರವಿರಲಿ, ಒರೆಸಿದರೆ ಸ್ವಚ್ಛವಾಗಲಿ. ಹೀಗೆಂದ ಕೆಲವರು ಸೈಕಲ್ಲಿನ ಹ್ಯಾಂಡಲಿನಂತೆ ಉಕ್ಕಿನ ಕೊಳವೆಯನ್ನು ಬಗ್ಗಿಸಿ ಕುರ್ಚಿ ಮಾಡಿದರು. ಅದಕ್ಕೆ ಹಿಂದಿನ ಎರಡು ಕಾಲು ಇಲ್ಲ. ಮುಂದಿನ ಕಾಲುಗಳೇ ನೆಲದ ಮೇಲೆ ಹಿಂದಕ್ಕೆ ಹರಿದು ಇಡೀ ಭಾರ ಹೊರುತ್ತವೆ. ಕೂತರೆ ಸ್ವಲ್ಪ ತೂಗುತ್ತದೆ. ಉಕ್ಕಿನ ತಣ್ಣನೆಯ ಬಳುಕಿಗೆ ಜೊತೆಯಾಗಿ ಆಸನಕ್ಕೂ ಬೆನ್ನಿಗೂ ಮರದ ಚೌಕಟ್ಟಿನಲ್ಲಿ ಹೆಣೆದ ಬೆತ್ತ. ಎರಡನೆಯ ಯುದ್ಧದ ಮುಂಚೆ ಜರ್ಮನಿಯಿಂದ ಪ್ರಾಣ ಉಳಿಸಿಕೊಂಡು ಈ ದೇಶಕ್ಕೆ ಓಡಿಬಂದವರಲ್ಲಿ ಕೆಲವರು ಇಂಥ ಕುರ್ಚಿಗಳನ್ನೂ ಹಡಗಿನಲ್ಲಿ ತಂದರು. ಅವರ ಮನೆಗಳಿಂದ ಈಗ ಒಂದೊಂದಾಗಿ ಅವು ಹೊರಗೆ ಬರುತ್ತಿವೆ.

ಹಾಗೆ ಬಂದ ಕುಟುಂಬವೊಂದರ ಮಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಳೆಯ ಪೀಠೋಪಕರಣದ ಅಂಗಡಿ ಇಟ್ಟಿದ್ದಾರೆ. ಹೆಸರು ಲೊಟ್ಟೆ. ಜರ್ಮನ್ನರಲ್ಲಿ ಅದು ಒಳ್ಳೆಯ ಹೆಣ್ಣು ಹೆಸರು. ನಮ್ಮ ಕರಾವಳಿಯಲ್ಲಿ ಲೊಟ್ಟೆ ಎಂದರೆ ಸುಳ್ಳು. ಮಂಗಳೂರಿನಲ್ಲಿ ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ ಮಾಡಿದ್ದ ರಾಮನಾಥರು, ಅಣ್ಣ ಕರೆಸಿಕೊಂಡು ಇಲ್ಲಿಗೆ ಬಂದ ಮೇಲೆ, ಕೆಲಸಕ್ಕೆ ಸೇರಿದ್ದು ಈ ಅಂಗಡಿಯಲ್ಲಿ. ಮೊದಲ ದಿನ ಮನೆಗೆ ಬಂದು ಹೆಂಡತಿಗೆ ಹೇಳಿದರಂತೆ: "ಯಜಮಾನ್ತಿಯ ಹೆಸರೇ ಲೊಟ್ಟೆ ಮಾರಾಯ್ತಿ. ಸಂಬಳ ಸತ್ಯವಾ ನೋಡುವ." ಸಂಬಳ ಸತ್ಯವೇ ಆಗಿತ್ತು. ಆ ಅಂಗಡಿಯ ಬೆತ್ತದ ಕೆಲಸ ಗುಲಾಬಿಬಾಯಿಗೆ ಬಂದದ್ದೂ ಹಾಗೆಯೇ.

ಆದರೆ ಮೊದಲ ವಾರದಲ್ಲಿಯೇ ರಾಮನಾಥರು ಕೆಲಸ ಕಳೆದುಕೊಳ್ಳುವುದರಲ್ಲಿದ್ದರು. ಲೊಟ್ಟೆಯವರು ಒಂದು ಕುರ್ಚಿ ಕೊಟ್ಟು, ತುಕ್ಕು ತೆಗೆದು ಹೊಳಪು ಮಾಡಿ ಎಂದು ಹೇಳಿ ಹೊರಗೆ ಹೋದರು. ರಾಮನಾಥರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಪಾಪ, ಹಿಂದಿನ ಎರಡೂ ಕಾಲು ಯಾರೋ ಮುರಿದುಕೊಂಡು ಹೋಗಿದ್ದಾರೆ! ಹೊಸಬನಾದ ತಾನು ಸ್ವಲ್ಪ ಹೆಚ್ಚು ಕೆಲಸ ಮಾಡಿ ತೋರಿಸೋಣ ಎಂದುಕೊಂಡು, ಅದೇ ದಪ್ಪದ ಕೊಳವೆ ಹುಡುಕಿ, ಕತ್ತರಿಸಿ, ಎರಡು ಕಾಲು ಬೆಸುಗೆ ಹಾಕಿ, ಉಜ್ಜಿ ನಿಲ್ಲಿಸಿದರು. ಬೆಸುಗೆಯ ಗುರುತೇ ಕಾಣದಷ್ಟು ಚೊಕ್ಕ ಕೆಲಸ.

ಲೊಟ್ಟೆಯವರು ಬಂದು ನೋಡಿ ಆ ಕುರ್ಚಿಯ ಮೇಲೆ ಕುಳಿತರು. ಅದು ತೂಗಲಿಲ್ಲ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇಂಥ ಕುರ್ಚಿ ಮೊದಲು ನಮ್ಮ ಮನೆಗೆ ಬಂದಾಗ ನನ್ನ ತಂದೆಯೂ ಅಂಗಡಿಯವನನ್ನು ಕೇಳಿದ್ದರು, ಉಳಿದ ಎರಡು ಕಾಲು ನಾಳೆ ಕಳಿಸುತ್ತೀರಾ ಅಂತ" ಎಂದರು. ಕಾಲುಗಳನ್ನು ಕತ್ತರಿಸಿ ತೆಗೆಯುವುದಕ್ಕೆ ಹಾಕಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆ ಎರಡು ಕಾಲುಗಳನ್ನು ರಾಮನಾಥರು ಮನೆಗೆ ತಂದು ಗ್ಯಾರೇಜಿನ ಗೋಡೆಗೆ ನೇತು ಹಾಕಿದರು. ಅವು ಇಂದಿಗೂ ಅಲ್ಲಿವೆ. ಹೊಸ ಕುರ್ಚಿ ಮನೆಗೆ ಬಂದರೆ ಗುಲಾಬಿಬಾಯಿ ಮೊದಲು ಗಂಡನಿಗೆ ಗೋಡೆ ತೋರಿಸುತ್ತಿದ್ದರು. "ಓ ಅಲ್ಲಿ ನೋಡಿ, ಆಮೇಲೆ ಕೈ ಹಾಕಿ."

ರಾಮನಾಥರಿಗೆ ತಮ್ಮದೇ ಎನ್ನುವ ಕುರ್ಚಿ ಒಂದಿತ್ತು. ಮಾರ್ಗನ್ ಹಿಲ್ಲಿನ ದಾರಿಯಲ್ಲಿ, ಹಣ್ಣು ತುಂಬುವ ಹಳೆಯ ಕೊಟ್ಟಿಗೆಯ ಪಕ್ಕದಲ್ಲಿ, ಹುಲ್ಲಿನ ನಡುವೆ ಬಿದ್ದಿದ್ದ ಬಗ್ಗಿಹೋದ ಚೌಕಟ್ಟು. ಕೊಟ್ಟಿಗೆಯವರನ್ನು ಕೇಳಿ ಕಾರಿನ ಮೇಲೆ ಕಟ್ಟಿಕೊಂಡು ಬಂದರು. ಭಾನುವಾರಗಳಂದು ಭಜನೆ ಮುಗಿದ ಮೇಲೆ ಅದರ ಸೇವೆ. ಒಂದು ಬಾಗು ನೇರ ಮಾಡಿದರೆ ಇನ್ನೊಂದು ಬಾಗು ಓರೆಯಾಗುತ್ತಿತ್ತು. ವರ್ಷಗಳೇ ಕಳೆದವು. ಸೀಟು ಹೆಣೆದುಕೊಡು ಎಂದು ಹೆಂಡತಿಯನ್ನು ಕೇಳುತ್ತಿದ್ದರು. ಅವರದು ಒಂದೇ ಉತ್ತರ: "ಗಿರಾಕಿಗಳದ್ದು ಮುಗಿಯಲಿ ಮಾರಾಯ್ರೆ. ನೀವು ಹೇಗೂ ಕೂರುವವರಲ್ಲ." ಆ ದಿನ ಬೆಳಗ್ಗೆ ಅವರ ಎದುರಿಗೆ ಹೊಳೆಯುತ್ತಿದ್ದದ್ದು ಆ ಚೌಕಟ್ಟು.

ಅವರಿಗೆ ಮಕ್ಕಳಿಲ್ಲ. ಅಣ್ಣ ವೈಕುಂಠ ಪೈಗಳೇ ಕರ್ಮ ಹಿಡಿದರು. ಹನ್ನೆರಡನೆಯ ದಿನ ದಾನ ಕೊಡುವ ಪದ್ಧತಿ ನಮ್ಮಲ್ಲಿ ಉಂಟಲ್ಲ; ಹೋದ ಜೀವಕ್ಕೆ ದಾರಿಯಲ್ಲಿ ಒದಗಲಿ ಎಂದು ಕೊಡೆ, ಪಾದರಕ್ಷೆ, ದೀಪ, ಬಟ್ಟೆ, ಕೂರಲು ಒಂದು ಆಸನ. ಆಸನಕ್ಕೆ ಸಾಮಾನ್ಯವಾಗಿ ಮಣೆ ಕೊಡುತ್ತಾರೆ. ಗುಲಾಬಿಬಾಯಿ ಮೂರನೆಯ ದಿನವೇ ಭಾವನಿಗೆ ಹೇಳಿದರು: "ಮಣೆ ಬೇಡ. ಅವರ ಕುರ್ಚಿ ಕೊಡುವ. ನಾನು ಹೆಣೆದು ಮುಗಿಸ್ತೇನೆ."

ಸೂತಕದಲ್ಲಿ ಕೆಲಸವೇ ಎಂದು ಬಂದುಹೋಗುವ ಹೆಂಗಸರು ಗೊಣಗಿದರು. ನನ್ನನ್ನೂ ಕೇಳಿದರು. ಹೋದವರಿಗಾಗಿ ಮಾಡುವುದು ಸೂತಕದ ಕೆಲಸವೇ ಎಂದು ನನಗೆ ತೋರಿದ್ದನ್ನು ಹೇಳಿದೆ. ಗುಲಾಬಿಬಾಯಿ ಅಷ್ಟರಲ್ಲಿ ಬೆತ್ತ ನೆನೆಹಾಕಿ ಆಗಿತ್ತು.

ಪೌರೋಹಿತ್ಯಕ್ಕೆ ಬಂದವರು ವ್ಯಾಸರಾಜ ಭಟ್ಟರು. ವಾರದ ದಿನಗಳಲ್ಲಿ ಸ್ಯಾನ್ ಹೋಸೆಯ ಒಂದು ಕಂಪನಿಯಲ್ಲಿ ಇಂಜಿನಿಯರು, ಉಳಿದ ಸಮಯದಲ್ಲಿ ಪಂಚೆಯುಟ್ಟು ನಮ್ಮಂಥವರ ಮನೆಗಳ ಶುಭಕ್ಕೂ ಅಶುಭಕ್ಕೂ ಓಡಾಡುವ ಉಡುಪಿಯ ಕಡೆಯ ಸಜ್ಜನರು. ಸಾಮಾನು ಸರಿಯಿದೆಯೇ ನೋಡಲು ಮುಂಚಿತವಾಗಿ ಬಂದರು. ಕೊಡೆ ಬಿಡಿಸಿ ನೋಡಿದರು, ದೀಪ ನೋಡಿದರು. ಕುರ್ಚಿಯ ಮುಂದೆ ನಿಂತರು. ಸುತ್ತು ಹಾಕಿದರು. ಬಗ್ಗಿ ಹಿಂದೆ ನೋಡಿದರು.

"ಅಮ್ಮಾ, ಬೇಸರ ಮಾಡಬಾರದು. ಇದಕ್ಕೆ ಹಿಂದಿನ ಕಾಲೇ ಇಲ್ಲವಲ್ಲ. ಊನ ಆದದ್ದನ್ನು ದಾನಕ್ಕೆ ಇಡಲಿಕ್ಕೆ ಬರುವುದಿಲ್ಲ. ಕುಂಟು ಹಸು ಕೊಟ್ಟ ಹಾಗಾಗ್ತದೆ."

"ಇದು ಕುಂಟಲ್ಲ ಭಟ್ರೇ. ಇದರ ಜಾತಿಯೇ ಹೀಗೆ."

"ಇರಬಹುದು. ನಾಲ್ಕು ಜನ ನೋಡಿದರೆ ಮುರಿದ ಕುರ್ಚಿ ಕೊಟ್ಟರು ಅಂತಾರೆ. ಹೋದವರ ಹೆಸರಿಗೆ ಅದು ಬೇಡ."

ವೈಕುಂಠ ಪೈಗಳಿಗೆ ಗೋಡೆ ಕಂಡಿತು. "ಗುಲಾಬಿ, ಅಷ್ಟಕ್ಕೆಲ್ಲ ಟೆನ್ಷನ್ ಮಾಡ್ಕೊಬೇಡ. ಅಲ್ಲೇ ಉಂಟಲ್ಲ ಎರಡು ಕಾಲು? ಅವನೇ ಮಾಡಿದ್ದು. ಯಾರನ್ನಾದರೂ ಕರೆಸಿ ವೆಲ್ಡ್ ಮಾಡಿಸುವ. ಪ್ರಾಬ್ಲಮ್ಮು ಮುಗಿತು. ಭಟ್ರು ಒಪ್ತಾರೆ."

ಭಟ್ಟರು ಒಪ್ಪುತ್ತೇನೆ ಎಂಬಂತೆ ತಲೆಯಾಡಿಸಿದರು. ಸುಲಭವಾದ ದಾರಿ. ಅಲ್ಲಿದ್ದ ನಮಗೆಲ್ಲರಿಗೂ ಸರಿಯೆನಿಸಿತು. ಗುಲಾಬಿಬಾಯಿ ಮಾತ್ರ ಕೈಯಲ್ಲಿದ್ದ ಎಳೆಯನ್ನು ಬಿಡದೆ ಹೇಳಿದರು: "ಬೇಡ ಭಾವ. ಅವರು ಒಂದು ಸಲ ತಿಳಿಯದೆ ಮಾಡಿದ ತಪ್ಪು ಅದು. ಅದನ್ನು ನೋಡಿ ಅವರೇ ದಿನಾ ನಗುತ್ತಿದ್ದರು. ಈಗ ಅವರು ಇಲ್ಲದಾಗ, ತಿಳಿದೂ ತಿಳಿದೂ, ಅವರ ಹೆಸರಿನಲ್ಲಿ ನಾನು ಅದನ್ನೇ ಮಾಡುವುದಾ?"

"ಹಾಗಾದರೆ ಭಟ್ರು ತಗೊಳ್ಳುವುದಿಲ್ಲವಲ್ಲ?"

"ತಗೊಳ್ಳದಿದ್ದರೆ ಇಲ್ಲೇ ಇರ್ತದೆ. ಆದರೆ ಮುಗಿದಿರ್ತದೆ." ಆಮೇಲೆ ದನಿ ಸಣ್ಣದಾಯಿತು. "ಬಸ್ಸಿನ ಕಾರ್ಖಾನೆಯಲ್ಲಿ ನಿಂತದ್ದೇ. ಇಲ್ಲಿಯೂ ನಿಂತದ್ದೇ. ಊಟವನ್ನೂ ಅರ್ಧ ಸಲ ನಿಂತೇ ಮಾಡುವುದು. ಅಲ್ಲಿಯಾದರೂ ಕೂರಲಿ ಅಂತ ನನಗೆ ಆಸೆ. ಬೇರೆಯವರ ಕುರ್ಚಿಯಲ್ಲಿ ಅವರು ಕೂರುವುದಿಲ್ಲ, ನನಗೆ ಗೊತ್ತುಂಟು."

ಭಟ್ಟರು ನೋಡೋಣ ಎಂದಷ್ಟೇ ಹೇಳಿ ಹೋದರು.

ಆ ದಿನಗಳಲ್ಲಿ ಗುಲಾಬಿಬಾಯಿ ಹೆಣೆಯುವುದನ್ನು ನಾನು ಕಂಡಿದ್ದೇನೆ. ಎರಡು ಕುರ್ಚಿ ಮುಗಿಸುವಷ್ಟು ಹೊತ್ತಿನಲ್ಲಿ ಒಂದು ಆಸನ ಮುಗಿಯಲಿಲ್ಲ. ಅಡ್ಡ ಎಳೆಗಳವರೆಗೆ ಬಂದವರು ಒಂದು ಬೆಳಗ್ಗೆ ಬೆರಳಾಡಿಸಿ ನೋಡಿ, ಕತ್ತರಿ ತೆಗೆದು, ಎಲ್ಲವನ್ನೂ ಕತ್ತರಿಸಿ ಹಾಕಿದರು. ನಾನು ಗಾಬರಿಯಾದೆ. "ತಂತಿಯ ಹಾಗೆ ಬಿಗಿದಿದೆ ಮಾಷ್ಟ್ರೇ. ಉಸಿರು ಬಿಡಲಿಕ್ಕೆ ಆಗುವುದಿಲ್ಲ ನನಗೆ. ಒಳಗೇ ಹಿಡಿದುಕೊಳ್ತದೆ. ಹೀಗೇ ಬಿಟ್ಟರೆ ಅವರು ಕೂತ ದಿನವೇ ಸಿಡಿತದೆ." ಅಂದು ಮಧ್ಯಾಹ್ನ ಅವರು ಮೊದಲ ಸಲ ಗಟ್ಟಿಯಾಗಿ ಅತ್ತರು. ಅತ್ತು ಮುಗಿದ ಮೇಲೆ ಮುಖ ತೊಳೆದು, ಹೊಸ ಬೆತ್ತ ನೆನೆಹಾಕಿ, ಮೊದಲ ತೂತಿನಿಂದ ಶುರು ಮಾಡಿದರು. ಉಸಿರು ಬಿಡುವ ಸದ್ದು ಮತ್ತೆ ಕೇಳಿಸಿತು.

ಹನ್ನೆರಡನೆಯ ದಿನ ಕುರ್ಚಿ ಮುಗಿದು ಗ್ಯಾರೇಜಿನ ನಡುವೆ ನಿಂತಿತ್ತು. ಲೊಟ್ಟೆಯವರು ಬಿಳಿ ಹೂ ತಂದು, ನಮ್ಮೊಡನೆ ಚಾಪೆಯ ಮೇಲೆ ಮಂಡಿ ಮಡಿಸಲು ಕಷ್ಟಪಟ್ಟು ಕುಳಿತಿದ್ದರು. ಕುರ್ಚಿಯ ಪಕ್ಕದಲ್ಲಿ ವೈಕುಂಠ ಪೈಗಳು ಒಂದು ಮಣೆಯನ್ನೂ ಇಟ್ಟಿದ್ದರು. ಭಟ್ಟರು ಬೇಡವೆಂದರೆ ಕರ್ಮ ನಿಲ್ಲಬಾರದಲ್ಲ. ಗುಲಾಬಿಬಾಯಿ ಮಣೆಯತ್ತ ನೋಡಲಿಲ್ಲ. ಭಟ್ಟರ ಮುಖವನ್ನೇ ನೋಡುತ್ತಿದ್ದರು.

ಕೊಡೆ ಆಯಿತು, ದೀಪವಾಯಿತು, ಬಟ್ಟೆಯಾಯಿತು. ಆಸನದ ಸರದಿ ಬಂದಾಗ ಭಟ್ಟರು ಮಂತ್ರ ನಿಲ್ಲಿಸಿದರು.

"ಅಮ್ಮಾ, ಈ ಕುರ್ಚಿ ನನಗೆ ನಿದ್ದೆ ಕೊಡಲಿಲ್ಲ. ನಿನ್ನೆ ಪೂಜೆಗೆ ಕೂತವನು ದೇವರ ಪಟ ನೋಡ್ತಾ ಇದ್ದೆ. ಸ್ವಾಮಿ ಶೇಷನ ಮೇಲೆ ಮಲಗಿದ್ದಾನೆ. ಶೇಷನಿಗೆ ಕಾಲು ಎಷ್ಟು?"

ಉತ್ತರವನ್ನೂ ಭಟ್ಟರೇ ಕೊಟ್ಟರು.

"ಒಂದೂ ಇಲ್ಲ. ಹಾವು ಕುಂಟು ಅಂತ ಯಾರಾದರೂ ಹೇಳ್ತಾರಾ? ಇದ್ದದ್ದು ಹೋದರೆ ಅದು ಊನ. ಹುಟ್ಟಿದ್ದೇ ಹಾಗಾದರೆ ಅದು ಅದರ ರೂಪ. ಜಗತ್ತನ್ನು ಕಾಯುವ ಸ್ವಾಮಿಗೇ ಕಾಲಿಲ್ಲದ ಆಸನ ಆಗ್ತದಂತೆ, ನನಗೆ ಆಗುವುದಿಲ್ಲವಾ? ಡಾಕ್ಟ್ರೇ, ನೀರು ಬಿಡಿ."

ವೈಕುಂಠ ಪೈಗಳು ತಮ್ಮನ ಹೆಸರು ಹೇಳಿ ನೀರು ಬಿಟ್ಟರು. ದಾನ ಸ್ವೀಕರಿಸಿದ ಮೇಲೆ ಅದರ ಮೇಲೆ ಒಮ್ಮೆ ಕೂರಬೇಕು. ಮಾತೇನೋ ಧೈರ್ಯದ್ದು, ಕೂರುವಾಗ ಭಟ್ಟರ ಎರಡೂ ಕೈಗಳು ಗಾಳಿಯಲ್ಲಿ ಆಧಾರ ಹುಡುಕಿದವು. ಭಾರ ಬಿದ್ದದ್ದೇ ಕುರ್ಚಿ ಸ್ವಲ್ಪ ಕೆಳಗಿಳಿದು, ಸ್ವಲ್ಪ ಮೇಲೆದ್ದು, ನಿಂತಿತು.

"ಅಯ್ಯೋ ಅಮ್ಮಾ, ಇದು ಅಲ್ಲಾಡ್ತದೆ!"

"ಹೆದರಬೇಡಿ ಭಟ್ರೇ" ಎಂದರು ಗುಲಾಬಿಬಾಯಿ. "ಉಸಿರಾಡ್ತಾ ಉಂಟು."

ಆ ಕುರ್ಚಿ ಈಗ ಭಟ್ಟರ ಅಪಾರ್ಟ್‌ಮೆಂಟಿನಲ್ಲಿದೆ. ಆಫೀಸಿನಿಂದ ಬಂದು ಅದರ ಮೇಲೆ ಕುಳಿತೇ ಪಾರಾಯಣ ಮಾಡುತ್ತಾರಂತೆ. ಗುಲಾಬಿಬಾಯಿ ಒಬ್ಬರೇ ಕೆಲಸ ಮುಂದುವರಿಸಿದ್ದಾರೆ. ಉಕ್ಕಿನ ಕೆಲಸಕ್ಕೆ ಲೊಟ್ಟೆಯವರು ಬೇರೊಬ್ಬರನ್ನು ಗೊತ್ತುಮಾಡಿದ್ದಾರೆ. ಬೆತ್ತಕ್ಕೆ ಬೇರೆಯವರನ್ನು ಹುಡುಕಿಲ್ಲ. ಕಾರ್ಖಾನೆಯಲ್ಲಿ ಹೆಣೆದ ಬೆತ್ತದ ಹಾಳೆ ಈಗ ಸಿಗುತ್ತದೆ, ಕತ್ತರಿಸಿ ಅಂಟಿಸಿದರೆ ಮುಗಿಯಿತು. ತೂತಿರುವ ಹಳೆಯ ಚೌಕಟ್ಟುಗಳಿಗೆ ಅದು ಸಲ್ಲುವುದಿಲ್ಲ. ಅವಕ್ಕೆ ಕೈಯೇ ಆಗಬೇಕು. ಬಹಳ ದೂರದ ಊರುಗಳಿಂದಲೂ ಚೌಕಟ್ಟುಗಳು ಈ ಗ್ಯಾರೇಜಿಗೆ ಬರುತ್ತವೆ. ಅವುಗಳ ಮೇಲೆ ಕೂರುವವರಿಗೆ ಹೆಣೆದವರು ಯಾರೆಂದು ತಿಳಿಯುವುದಿಲ್ಲ.

ನಿಮಗೆ ಏನಾದರೂ ಆಸೆ ಇದೆಯೇ ಎಂದು ಮೊನ್ನೆ ಕೇಳಿದೆ. ಗೂಟ ಒತ್ತಿ, ಎಳೆಯನ್ನು ಬೆರಳಿನಿಂದ ಒಮ್ಮೆ ಓದಿ, ಹೇಳಿದರು: "ಎಂತ ಆಸೆ ಮಾಷ್ಟ್ರೇ? ಭಟ್ರು ದಿನಾ ಕೂರಬೇಕು, ಅಷ್ಟೇ. ಅವರು ಇಲ್ಲಿ ಕೂತರೆ ಇವರು ಅಲ್ಲಿ ಕೂತ ಹಾಗೆ. ಸಡಿಲ ಆದರೆ ಹೇಳಿ ಅಂದಿದ್ದೇನೆ. ಹೊಸದಾಗಿ ಹೆಣೆದು ಕೊಡ್ತೇನೆ. ನನ್ನ ಕೈ ಇರುವವರೆಗೆ ಆ ಸೀಟು ಹರಿಯಲಿಕ್ಕೆ ಬಿಡುವುದಿಲ್ಲ."

ಶೇಷಶಯನನೇ, ನಿಂತೇ ದುಡಿದು ನಿಂತೇ ಉಂಡ ಆ ಜೀವ ನಿನ್ನ ಬಳಿಗೆ ಬಂದಿದೆ. ಕೆಲಸ ಹೇಳಬೇಡ. ಹೇಳಿದರೆ ಕೂಡಲೇ ಎದ್ದುಬಿಡುತ್ತಾರೆ. ಹೆಂಡತಿ ಕಳಿಸಿದ ಆಸನದಲ್ಲಿ ಅವರನ್ನು ಕೂರಿಸು. ಬೆನ್ನು ಒರಗಲಿ, ಕಾಲು ಆರಲಿ, ಉಸಿರು ಸಡಿಲವಾಗಲಿ. ರಾಮನಾಥನಿಗೆ ಶಾಂತಿಯನ್ನು ಕೊಡು, ತಂದೆ.